ಆರ್ಡೆಲ್‌ಗೆ ಬೇಕಾಗಿದ್ದ ಎದುರಾಳಿ

ನೋರ್ಬಿ ಊರಿನ ಶಾಲಾ ಮಂಡಳಿಗೆ ಆರ್ಡೆಲ್ ಟೋಲೆಫ್ಸನ್ ಏಳು ಸಲ ಆರಿಸಿ ಬಂದಿದ್ದ. ಏಳು ಸಲವೂ ಅವನ ಎದುರು ಯಾರೂ ನಿಂತಿರಲಿಲ್ಲ. ಪೂರ್ವ ವಾರ್ಡಿನ ಮತಪತ್ರದಲ್ಲಿ ಅವನದೊಂದೇ ಹೆಸರು. ಅದರ ಕೆಳಗೆ, ಬೇರೆ ಯಾರಾದರೂ ಬೇಕೆನಿಸಿದರೆ ಹೆಸರು ಬರೆಯಲು ಒಂದು ಖಾಲಿ ಗೆರೆ. ಆ ಗೆರೆಯ ಮೇಲೆ ಈಚಿನ ನಾಲ್ಕು ಸಲವೂ ಯಾರೋ ಒಬ್ಬರು ‘ಸ್ಕಿಪ್ಪರ್’ ಎಂದು ಬರೆಯುತ್ತಿದ್ದರು. ಸ್ಕಿಪ್ಪರ್ ಎಂಬುದು ಲೊವೆಲ್ ಬ್ರಾಕೆಯ ನಾಯಿ. ಎಂಟು ವರ್ಷದ ಹಿಂದೆ ಅದು ಸತ್ತ ಮೇಲೂ ಅದಕ್ಕೆ ಬೀಳುವ ಒಂದು ವೋಟು ನಿಂತಿರಲಿಲ್ಲ. ಆ ವೋಟು ಯಾರದೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಆರ್ಡೆಲ್‌ಗೆ ಆಗ ಅರವತ್ತೊಂಬತ್ತು. ಮೂವತ್ತೆರಡು ವರ್ಷ ಊರ ಸುತ್ತಲ ಹೊಲಮನೆಗಳಿಗೆ ಅಂಚೆ ಹಂಚಿ ನಿವೃತ್ತನಾದವನು. ಉದ್ದಕ್ಕೆ, ತೆಳ್ಳಗೆ, ಯಾವ ಮಾತಿಗೂ ಒಮ್ಮೆ ತಲೆ ಆಡಿಸಿಯೇ ಮುಂದಕ್ಕೆ ಹೋಗುವ ಸ್ವಭಾವ. ಮಂಡಳಿಯಲ್ಲಿ ಅವನದು ಒಂದೇ ಕೆಲಸ ಎನ್ನಬಹುದಿತ್ತು. ಬೇರೆ ಯಾರಾದರೂ ಒಂದು ಪ್ರಸ್ತಾಪ ಮುಂದಿಟ್ಟು, ಇನ್ನೊಬ್ಬರು ಅನುಮೋದಿಸಲೆಂದು ಎಲ್ಲರೂ ಮೇಜು ನೋಡುತ್ತ ಕೂತ ಹೊತ್ತಿನಲ್ಲಿ, ಆರ್ಡೆಲ್ ಗಂಟಲು ಸರಿಮಾಡಿಕೊಂಡು ‘ಅನುಮೋದಿಸ್ತೀನಿ’ ಎನ್ನುತ್ತಿದ್ದ. ಸಭೆ ಬೇಗ ಮುಗಿಯುತ್ತಿತ್ತು. ಅದನ್ನು ಅವನು ಸಾರ್ವಜನಿಕ ಸೇವೆ ಎಂದೇ ತಿಳಿದಿದ್ದ, ಮತ್ತು ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಎಂಟನೇ ಸಲದ ನಾಮಪತ್ರ ಸಲ್ಲಿಸುವ ವಾರ, ಬೇಸಿಗೆಯ ಒಂದು ಬೆಳಿಗ್ಗೆ, ಕೆಫೆಯಲ್ಲಿ ಕಾಫಿ ಕುಡಿಯುತ್ತ ಆ ಹೆಮ್ಮೆ ಅವನ ಬಾಯಿಂದ ಸ್ವಲ್ಪ ಹೊರಕ್ಕೆ ಜಾರಿತು.

“ಇಪ್ಪತ್ತೆಂಟು ವರ್ಷ ಆಯ್ತು. ಒಂದು ಸಲಾನೂ ಸೋತಿಲ್ಲ ನೋಡು,” ಎಂದ.

ಎದುರಿಗೆ ಲೊವೆಲ್ ಬ್ರಾಕೆ ಕೂತಿದ್ದ. ಬೀಜದ ಕಂಪನಿಯಲ್ಲಿ ಮಾರಾಟಗಾರನಾಗಿದ್ದವನು. ಹನ್ನೊಂದು ವರ್ಷದ ಹಿಂದೆ ಕೌಂಟಿ ಚುನಾವಣೆಗೆ ನಿಂತು ನಲವತ್ತೊಂದು ವೋಟಿನಲ್ಲಿ ಸೋತು, ಆ ಸೋಲನ್ನು ಇವತ್ತಿಗೂ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಓಡಾಡುತ್ತಿದ್ದವನು. ಅವನು ಚಮಚ ಕೆಳಗಿಟ್ಟ.

“ಸೋಲೋಕೆ ಯಾರಾದ್ರೂ ಎದುರಿಗೆ ಇರ್ಬೇಕಲ್ಲೋ.”

“ಜನಕ್ಕೆ ನಂಬಿಕೆ ಇದೆ, ಅದಕ್ಕೇ ಯಾರೂ ನಿಲ್ಲಲ್ಲ.”

“ನಂಬಿಕೆ ಅಲ್ಲ ಮಾರಾಯ, ಆ ಕುರ್ಚಿ ಯಾರಿಗೂ ಬೇಡ. ನಾನು ಸೋತಿರ್ಬಹುದು. ಆದ್ರೆ ಎರಡು ಹೆಸರು ಎದುರಿಗಿಟ್ಕೊಂಡು ಆರು ನೂರು ಜನ ‘ಲೊವೆಲ್ ಇರ್ಲಿ’ ಅಂದ್ರು. ನಿನಗೆ ಹಾಗಂತ ಒಬ್ಬರಾದ್ರೂ ಅಂದಿದಾರಾ? ನೀನು ಗೆದ್ದೋನಲ್ಲ ಕಣೋ ಆರ್ಡೆಲ್. ಮಿಕ್ಕೋನು.”

ಮೇಜಿನ ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಆರ್ಡೆಲ್ ಕೂಡ ನಕ್ಕ. ಆದರೆ ಕಾರಿನಲ್ಲಿ ಕೂತ ಮೇಲೆ ಆ ನಗು ಇಳಿದುಹೋಯಿತು, ಮಾತು ಮಾತ್ರ ಇಳಿಯಲಿಲ್ಲ. ಮನೆ ತಲುಪುವ ಹೊತ್ತಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡತೊಡಗಿತ್ತು.

ಹೆಂಡತಿ ಜಾನಿಸ್ ಅಡಿಗೆಮನೆಯಲ್ಲಿ ಸೌತೆಕಾಯಿ ಉಪ್ಪಿನಕಾಯಿಗೆ ಬಾಟಲಿ ಕುದಿಸುತ್ತಿದ್ದಳು. ಆರ್ಡೆಲ್ ಟೋಪಿ ತೆಗೆಯದೆಯೇ ಬಾಗಿಲಲ್ಲಿ ನಿಂತು, “ನಂಗೊಬ್ಬ ಎದುರಾಳಿ ಬೇಕು,” ಎಂದ.

ಜಾನಿಸ್ ತಿರುಗಿ ನೋಡಿದಳು. “ಈ ವಯಸ್ಸಲ್ಲಿ ಬೇರೆ ಗಂಡಸರಿಗೆ ದೋಣಿ ಬೇಕು ಅನ್ಸತ್ತಪ್ಪ.”

“ತಮಾಷೆ ಅಲ್ಲ ಜಾನಿಸ್. ಯಾರ ಎದುರಾದ್ರೂ ಒಂದು ಸಲ ನಿಜವಾಗಿ ಗೆದ್ದು ನೋಡ್ಬೇಕು.”

“ಸೋತ್ರೆ?”

ಅದನ್ನು ಅವನು ಯೋಚಿಸಿರಲಿಲ್ಲ. “ಸೋಲೋ ಅಂಥವರನ್ನೇ ಹುಡುಕ್ತೀನಿ ಬಿಡು,” ಎಂದ.

ಮರುದಿನದಿಂದ ಆರ್ಡೆಲ್ ಎದುರಾಳಿಯ ಬೇಟೆಗೆ ಹೊರಟ. ಔಷಧಿ ಅಂಗಡಿಯವನು ಗಾಬರಿಯಾಗಿ, “ನಿಮ್ಮೆದುರು ನಿಲ್ಲೋದಾ? ನಾಳೆ ನಿಮ್ಮ ಮುಖ ಹೇಗೆ ನೋಡ್ಲಿ?” ಎಂದು ಬಿ.ಪಿ. ಮಾತ್ರೆಯ ಡಬ್ಬಿಯನ್ನು ಕೈಗಿಟ್ಟು ಕಳಿಸಿದ. ಪಾದ್ರಿಯಮ್ಮ, “ನಂಗೆ ಈಗಿರೋ ಕಮಿಟಿಗಳೇ ಹದಿಮೂರು, ಆರ್ಡೆಲ್. ಇನ್ನೊಂದು ಸೇರಿಸಿದ್ರೆ ದೇವರಿಗೂ ಟೈಮ್ ಕೊಡಕ್ಕಾಗಲ್ಲ,” ಎಂದರು. ಹಾರ್ಡ್‌ವೇರ್ ಅಂಗಡಿಯ ಹೆಂಗಸು ಅವನ ಮಾತು ಪೂರ್ತಿ ಕೇಳಿ, ಒಂದು ನಿಮಿಷ ಬಂದೆ ಎಂದು ಹಿಂದಿನ ಕೋಣೆಗೆ ಹೋದವಳು ತಿರುಗಿ ಬರಲೇ ಇಲ್ಲ. ಆರ್ಡೆಲ್ ಇಪ್ಪತ್ತು ನಿಮಿಷ ಮೊಳೆ ನೋಡುತ್ತ ನಿಂತು, ಬೇಡದ ಒಂದು ಪೊಟ್ಟಣ ಎತ್ತಿಕೊಂಡು, ದುಡ್ಡು ಮೇಜಿನ ಮೇಲಿಟ್ಟು ವಾಪಸು ಬಂದ.

ನಾಮಪತ್ರಕ್ಕೆ ಇನ್ನು ಎರಡೇ ದಿನ ಉಳಿದಾಗ ಅವನಿಗೆ ರೋಬರ್ಟಾ ಕ್ವಾಮ್ ನೆನಪಾದಳು.

ರೋಬರ್ಟಾ ಮೂವತ್ತೊಂದು ವರ್ಷ ಶಾಲೆಯ ಅಡಿಗೆಮನೆಯಲ್ಲಿ ದುಡಿದವಳು. ಎರಡು ವರ್ಷದ ಹಿಂದೆ ನಿವೃತ್ತಳಾಗಿ ನೀರಿನ ಟ್ಯಾಂಕಿನ ಪಕ್ಕದ ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದಳು. ಮಾತು ಕಡಿಮೆ. ಬೀಳ್ಕೊಡುಗೆಯ ದಿನ ನಾಲ್ಕು ಮಾತಾಡಿ ಎಂದರೆ, ‘ಕಾಫಿ ಆರ್ತಾ ಇದೆ’ ಎಂದು ಹೇಳಿ ಕೂತವಳು. ಇಂಥವಳೇ ಸರಿ ಎಂದುಕೊಂಡ ಆರ್ಡೆಲ್. ಒಳ್ಳೆಯ ಹೆಂಗಸು, ಯಾರ ಮನಸ್ಸನ್ನೂ ನೋಯಿಸುವವಳಲ್ಲ, ಎಂಬತ್ತೋ ತೊಂಬತ್ತೋ ವೋಟು ತೆಗೆದುಕೊಂಡು ಸುಮ್ಮನಾಗುತ್ತಾಳೆ.

ಅವನು ಹೋದಾಗ ರೋಬರ್ಟಾ ಮನೆ ಮುಂದಿನ ಹುಲ್ಲು ಕತ್ತರಿಸುತ್ತಿದ್ದಳು. ಮಷೀನು ನಿಲ್ಲಿಸಿ ಅವನ ಮಾತನ್ನೆಲ್ಲ ಕೇಳಿಸಿಕೊಂಡಳು.

“ನಿಜವಾಗಿ ನಿಲ್ಬೇಕಾ, ನಿಂತ ಹಾಗೆ ಮಾಡ್ಬೇಕಾ?”

“ಹೆಸರು ಕೊಟ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಮಾತಾಡ್ಬೇಕಾಗತ್ತಾ?”

“ಒಂದೇ ಸಲ. ಚರ್ಚಿನ ನೆಲಮಾಳಿಗೇಲಿ. ಹತ್ತು ಹದಿನೈದು ನಿಮಿಷ.”

ರೋಬರ್ಟಾ ಮತ್ತೆ ಮಷೀನು ಶುರು ಮಾಡಿ, ಬೇಲಿಯವರೆಗೆ ಒಂದು ಸಾಲು ಕತ್ತರಿಸಿ, ತಿರುಗಿಕೊಂಡು ಬಂದಳು. ಆರ್ಡೆಲ್ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

“ಅನ್ನಿಸಿದ್ದು ಹೇಳ್ಬಹುದಾ?”

“ಧಾರಾಳವಾಗಿ!” ಎಂದ ಆರ್ಡೆಲ್. ಆ ಒಂದು ಮಾತನ್ನು ಅವನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡ.

ಶಾಲೆಯ ಕಚೇರಿಗೆ ಅವನೇ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಗುಮಾಸ್ತೆ ಶೆರಿಲ್ ಇಬ್ಬರ ನಾಮಪತ್ರವನ್ನೂ ಮುಂದಿಟ್ಟುಕೊಂಡು ಕನ್ನಡಕದ ಮೇಲಿಂದ ನೋಡಿದಳು.

“ಆರ್ಡೆಲ್, ನಿಮ್ಮ ವಿರುದ್ಧ ನಿಲ್ಲೋರನ್ನ ನೀವೇ ಕರ್ಕೊಂಡು ಬಂದ್ರಾ?”

“ಅವರ ಕಾರು ರಿಪೇರೀಲಿದೆ,” ಎಂದ ಆರ್ಡೆಲ್.

ಸುದ್ದಿ ಊರಿಗೆ ಮುಟ್ಟಲು ಅರ್ಧ ದಿನವೂ ಬೇಕಾಗಲಿಲ್ಲ. ಕೆಫೆಯಲ್ಲಿ ಲೊವೆಲ್ ಎದ್ದು ನಿಂತು ಅವನ ಕೈ ಕುಲುಕಿದ. “ಬಾರಪ್ಪ, ಅಭ್ಯರ್ಥಿ! ಇವತ್ತಿಂದ ನೀನೂ ಗಂಡಸು.”

ಆರ್ಡೆಲ್ ತನ್ನ ಜೀವನದಲ್ಲೇ ಮೊದಲ ಸಲ ನಲವತ್ತು ಫಲಕ ಮಾಡಿಸಿದ. ಅದರ ಮೇಲೆ ಏನು ಬರೆಸುವುದೆಂದು ಮೂರು ದಿನ ತಲೆ ಕೆರೆದುಕೊಂಡು, ಕೊನೆಗೆ ‘ಆರ್ಡೆಲ್ ಟೋಲೆಫ್ಸನ್: ಈಗಲೂ ಇದ್ದಾರೆ’ ಎಂದು ಬರೆಸಿದ. ಜಾನಿಸ್ ಅದನ್ನು ಓದಿ, “ಇದು ಪ್ರಚಾರವೋ, ಡಾಕ್ಟರ ರಿಪೋರ್ಟೋ?” ಎಂದು ಕೇಳಿದಳು. ಆಗಲೇ ಅಚ್ಚಾಗಿಬಿಟ್ಟಿತ್ತು.

ಸೆಪ್ಟೆಂಬರಿನಲ್ಲಿ ಮನೆ ಮನೆ ತಿರುಗಾಟ ಶುರುವಾಯಿತು. ಪೂರ್ವ ವಾರ್ಡಿನ ಅಂಚೆ ಡಬ್ಬಿಗಳಲ್ಲಿ ಯಾವುದರ ಬಾಗಿಲು ಕಿರುಗುಟ್ಟುತ್ತದೆ, ಯಾವುದರಲ್ಲಿ ಕಣಜ ಗೂಡು ಕಟ್ಟುತ್ತದೆ ಎಂಬುದೆಲ್ಲ ಆರ್ಡೆಲ್‌ಗೆ ಕಂಠಪಾಠ. ಆದರೆ ಡಬ್ಬಿಯಿಂದಾಚೆಗೆ, ಮನೆಯ ಬಾಗಿಲವರೆಗೆ ಅವನು ಹೋದದ್ದೇ ಇರಲಿಲ್ಲ. ಅವನ ಕಾರು ಕಂಡ ಕೂಡಲೇ ನಾಯಿಗಳು ಹಳೆಯ ದ್ವೇಷ ನೆನೆಸಿಕೊಂಡು ಓಡಿಬಂದವು. ಜನ ಪಾರ್ಸೆಲ್ ಬಂತೆಂದು ಕೈ ಚಾಚಿಕೊಂಡು ಹೊರಗೆ ಬಂದರು.

ಒಂದು ಮನೆಯಲ್ಲಿ ವೆಲ್ಡಿಂಗ್ ಕೆಲಸದ ಕರ್ಟಿಸ್ ಎಂಬವನು, ನಲವತ್ತರ ಆಸುಪಾಸಿನ ಭಾರೀ ಆಳು, ಇವನ ಮಾತನ್ನು ಪೂರ್ತಿ ಕೇಳಿ ಗಡ್ಡ ಕೆರೆದುಕೊಂಡ.

“ಎದುರಿಗೆ ರೋಬರ್ಟಾ ಅಲ್ವಾ?”

“ಹೌದು.”

“ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ಮನೆ ಬಿಟ್ಟು ಹೋದ. ಆ ವರ್ಷವೆಲ್ಲ ನನ್ನ ತಟ್ಟೆಗೆ ಆಕೆ ಎರಡು ಸೌಟು ಹಾಕೋರು. ಒಂದು ಮಾತು ಕೇಳ್ಲಿಲ್ಲ. ಸುಮ್ನೆ ಎರಡು ಸೌಟು.”

ಆರ್ಡೆಲ್ ಟೋಪಿ ಸರಿಮಾಡಿಕೊಂಡ. “ನಾನೂ ನಿಮ್ಮ ಮನೆಗೆ ಕಾಗದ ತಂದು ಹಾಕ್ತಿದ್ದೆ,” ಎಂದ.

“ಗೊತ್ತು,” ಎಂದ ಕರ್ಟಿಸ್. “ಬಿಲ್ಲುಗಳು.”

ಹೀಗೇ ಆಯಿತು ಎಲ್ಲ ಕಡೆ. ರೋಬರ್ಟಾ ಫಲಕ ಮಾಡಿಸಿರಲಿಲ್ಲ, ಯಾರ ಬಾಗಿಲನ್ನೂ ತಟ್ಟಿರಲಿಲ್ಲ. ಆದರೆ ಊರಿನಲ್ಲಿ ನಲವತ್ತೈದರ ಒಳಗಿನವರೆಲ್ಲ ಅವಳ ಕೈಯಿಂದ ಆಲೂಗಡ್ಡೆ ತಿಂದು ಬೆಳೆದವರು. ಬ್ಯಾಂಕಿನ ಮ್ಯಾನೇಜರು ಚಿಕ್ಕವನಿದ್ದಾಗ ಬಟಾಣಿಯನ್ನು ಕಾಲುಚೀಲದೊಳಗೆ ಬಚ್ಚಿಡುತ್ತಿದ್ದುದು ಅವಳಿಗೆ ಗೊತ್ತು. ಅದನ್ನು ಅವಳು ಯಾರಿಗೂ ಹೇಳಿಲ್ಲವೆಂಬುದು ಬ್ಯಾಂಕಿನ ಮ್ಯಾನೇಜರಿಗೂ ಗೊತ್ತು.

“ಸೋಲೋ ಅಂಥವರನ್ನ ಹುಡುಕ್ತೀನಿ ಅಂದಿದ್ರಿ,” ಎಂದಳು ಜಾನಿಸ್ ಊಟದ ಮೇಜಿನಲ್ಲಿ.

“ಬಡಿಸಮ್ಮ, ಸಾಕು,” ಎಂದ ಆರ್ಡೆಲ್.

ಅಕ್ಟೋಬರಿನ ಕೊನೆಯ ಗುರುವಾರ ಸಂಜೆ ಐದಕ್ಕೆ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಅಭ್ಯರ್ಥಿಗಳ ಸಭೆ. ಶಾಲಾ ಮಂಡಳಿಯ ಚುನಾವಣೆಗೆ ಇಂಥ ಸಭೆ ನಡೆದದ್ದು ಯಾರ ನೆನಪಿನಲ್ಲೂ ಇರಲಿಲ್ಲವಾಗಿ ಅರವತ್ತು ಜನ ಬಂದರು. ಆರ್ಡೆಲ್ ಮದುವೆ ಸೂಟು ಹಾಕಿಕೊಂಡು, ಭಾಷಣದ ಹಾಳೆ ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಪಾದ್ರಿಯಮ್ಮ ಮೊದಲು ರೋಬರ್ಟಾಳನ್ನು ಕರೆದರು.

“ನಂಗೆ ಭಾಷಣ ಬರಲ್ಲ,” ಎಂದಳು ರೋಬರ್ಟಾ. “ಊಟ ತಂದಿದೀನಿ.”

ಅಡಿಗೆಮನೆಯ ಬಾಗಿಲು ತೆರೆಯಿತು. ಶಾಲೆಯಲ್ಲಿ ಕೊಡುವಂಥದೇ ಅರವತ್ತು ತಟ್ಟೆಗಳು. ಪ್ರತಿ ತಟ್ಟೆಯಲ್ಲೂ ಒಂದು ಹ್ಯಾಮ್ ಸ್ಯಾಂಡ್‌ವಿಚ್, ಹಸಿ ಕ್ಯಾರೆಟ್, ಇಡೀ ಸೇಬು, ಹಾಲಿನ ಪೊಟ್ಟಣ. ಜನ ಖುಷಿಯಾಗಿ ಸಾಲಾಗಿ ನಿಂತು, ತೆಗೆದುಕೊಂಡು, ಬಂದು ಕೂತರು. ರೋಬರ್ಟಾ ಏಪ್ರನ್ನಿನ ಜೇಬಿನಿಂದ ಗಂಟೆ ಹೊಡೆಯುವ ಪುಟ್ಟ ಗಡಿಯಾರ ತೆಗೆದಳು.

“ನಮ್ಮ ಶಾಲೇಲಿ ಮಧ್ಯಾಹ್ನದ ಊಟಕ್ಕೆ ಹದಿನೆಂಟು ನಿಮಿಷ. ಸಾಲಲ್ಲಿ ನಿಲ್ಲೋದಕ್ಕೆ ಹತ್ತು ಹೋಯ್ತು. ಇನ್ನು ಎಂಟಿದೆ. ಶುರು ಮಾಡಿ.”

ಮೊದಲು ನಗು, ಆಮೇಲೆ ಬರೀ ಕ್ಯಾರೆಟ್ ಕಡಿಯುವ ಸದ್ದು. ಮೊಮ್ಮಕ್ಕಳಿರುವ ಜನ ತಲೆ ತಗ್ಗಿಸಿ, ಕೆನ್ನೆ ಉಬ್ಬಿಸಿ, ರೈಲು ತಪ್ಪಿಹೋಗುವವರಂತೆ ತಿನ್ನತೊಡಗಿದರು. ಹಾಲಿನ ಪೊಟ್ಟಣದ ಬಾಯಿ ಬಿಚ್ಚಲಾಗದೆ ಬ್ಯಾಂಕಿನ ಮ್ಯಾನೇಜರು ಹಲ್ಲಿನಿಂದ ಕಚ್ಚಿದ. ಲೊವೆಲ್ ಬ್ರಾಕೆ ಸೇಬಿಗೆ ಬಾಯಿ ಹಾಕಿದವನು ಹೊರಕ್ಕೆ ಎಳೆದಾಗ ಅವನ ಮೇಲಿನ ಹಲ್ಲಿನ ಸೆಟ್ಟು ಸೇಬಿನಲ್ಲೇ ಉಳಿಯಿತು. ಆರ್ಡೆಲ್ ಮೊದಲಿಂದಲೂ ನಿಧಾನಕ್ಕೆ ತಿನ್ನುವ ಮನುಷ್ಯ. ಅವನು ಸ್ಯಾಂಡ್‌ವಿಚ್ಚಿನ ಎರಡನೇ ಮೂಲೆಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

“ಆಯ್ತು. ಉಳಿದಿದ್ದನ್ನ ಕಸದ ಡಬ್ಬಿಗೆ ಹಾಕಿ.”

ಸಭೆಯಲ್ಲಿ ಗುಜುಗುಜು ಎದ್ದಿತು. ಒಂದು ಅಗುಳು ಚೆಲ್ಲಿದರೂ ಮೈಮೇಲೆ ಬರುವಂಥ ಜನ ಅವರು. ಎಂಬತ್ತೆರಡರ ಅಜ್ಜಿಯೊಬ್ಬಳು ಸೇಬನ್ನು ಮೆಲ್ಲಗೆ ಕೈಚೀಲಕ್ಕೆ ಜಾರಿಸಿದಳು.

“ಹೊರಗೆ ತಗೊಂಡು ಹೋಗೋ ಹಾಗಿಲ್ಲ ಇರೀನ್,” ಎಂದಳು ರೋಬರ್ಟಾ. “ನಿಯಮ.”

“ಇದೊಂದು ನಿಯಮಾನಾ?” ಅಜ್ಜಿ ಕೂಗಿದಳು. “ಒಳ್ಳೇ ಸೇಬು ಕಣೇ ಇದು!”

“ಅದನ್ನೇ ನಾನು ದಿನಾ ನೋಡ್ತಿದ್ದೆ. ದಿನಕ್ಕೆ ಎರಡು ಡಬ್ಬಿ ತುಂಬ.” ಅಷ್ಟು ಹೇಳಿ ರೋಬರ್ಟಾ ಕೂತಳು.

ಪಾದ್ರಿಯಮ್ಮ ಆರ್ಡೆಲ್‌ನ ಹೆಸರು ಕರೆದರು. ಅವನ ಬಾಯಿತುಂಬ ಬ್ರೆಡ್ಡು. ಎದ್ದು ನಿಂತು ಅಗಿದ, ಇನ್ನೂ ಅಗಿದ, ನೀರು ಕುಡಿದು ನುಂಗಿದ. ಜೇಬಿನ ಹಾಳೆಯ ನೆನಪೇ ಆಗಲಿಲ್ಲ. ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು, ಹೊಟ್ಟೆಯೂ ಹಸಿದಿತ್ತು.

“ಇದು ಅನ್ಯಾಯ,” ಎಂದ. “ಮಕ್ಕಳೇನು ಕೋಳಿಗಳಾ? ಹದಿನೆಂಟು ನಿಮಿಷ ಅಂತ ಯಾರು ರೀ ಮಾಡಿದ್ದು?”

ರೋಬರ್ಟಾ ಏಪ್ರನ್ನಿನ ಜೇಬಿನಿಂದ ಒಂದು ಕಾಗದ ತೆಗೆದಳು. ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ಸ್ವಲ್ಪ ಮುಜುಗರವೇ ಇತ್ತು. “ಒಂಬತ್ತು ವರ್ಷದ ಹಿಂದೆ, ಮಾರ್ಚ್ ಹದಿನಾಲ್ಕರ ಮಂಡಳಿ ಸಭೆ. ಬಸ್ಸಿನ ಹೊತ್ತಿಗೆ ಹೊಂದಿಸೋದಕ್ಕೆ ಊಟದ ಸಮಯ ಕಡಿಮೆ ಮಾಡೋದು. ಪ್ರಸ್ತಾಪ ಅಧ್ಯಕ್ಷರದು.” ಕಾಗದವನ್ನು ಸ್ವಲ್ಪ ಹತ್ತಿರ ಹಿಡಿದಳು. “ಅನುಮೋದನೆ, ಆರ್ಡೆಲ್ ಟೋಲೆಫ್ಸನ್.”

ಎಲ್ಲರ ತಲೆಯೂ ಆರ್ಡೆಲ್‌ನತ್ತ ತಿರುಗಿತು. ಆಮೇಲೆ ಲೊವೆಲ್, ಹಲ್ಲಿಲ್ಲದ ಬಾಯಲ್ಲೇ, ಮೊದಲು ನಕ್ಕ. ಅವನ ಹಿಂದೆ ಇಡೀ ನೆಲಮಾಳಿಗೆ.

ಆರ್ಡೆಲ್‌ನ ಕಿವಿ ಕೆಂಪಾಯಿತು. ಆ ಸಭೆಯನ್ನು ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಹೊರಗೆ ಹಿಮ ಬೀಳುತ್ತಿತ್ತೇನೋ, ಬೇಗ ಮನೆಗೆ ಹೋಗಬೇಕಾಗಿತ್ತೇನೋ. ನಗು ಇಳಿಯುವವರೆಗೆ ನಿಂತೇ ಇದ್ದ.

“ಆವತ್ತು ನಾನು ಕಾಗದ ಓದಿರ್ಲಿಲ್ಲ,” ಎಂದ ಕೊನೆಗೆ. “ಎಲ್ಲರೂ ಸುಮ್ನಿದ್ರು, ನಾನು ಹೂಂ ಅಂದೆ. ಅಷ್ಟೇ ನಾನು ಮಾಡಿದ್ದು. ಇನ್ನೂ ಎಷ್ಟಕ್ಕೆ ಹಾಗೆ ಅಂದಿದೀನೋ, ಈಗ ಭಯ ಆಗ್ತಿದೆ.”

ಕೂತುಬಿಟ್ಟ. ಯಾರೋ ಚಪ್ಪಾಳೆ ತಟ್ಟಿದರು. ಇನ್ನೂ ಕೆಲವರು ಸೇರಿಕೊಂಡರು. ನೋರ್ಬಿಯಲ್ಲಿ ಒಬ್ಬ ಗಂಡಸು ಎಲ್ಲರೆದುರು ತಪ್ಪು ಒಪ್ಪಿಕೊಂಡದ್ದನ್ನು ಕಂಡವರು ಅಪರೂಪ. ಬಾಗಿಲ ಬಳಿ ಅಜ್ಜಿ ಇರೀನ್ ಅವನ ತೋಳು ಹಿಡಿದು, “ನಿನಗೇ ಹಾಕ್ತೀನಿ ಕಣಪ್ಪ. ಸೇಬಿನ ವಿಷಯ ಮಾತ್ರ ಸರಿಮಾಡು,” ಎಂದಳು.

ಚುನಾವಣೆಯ ದಿನ ಬೆಳಿಗ್ಗೆ ಒಂದಿಷ್ಟು ಹಿಮ ಉದುರಿತ್ತು. ಆರ್ಡೆಲ್ ಮತ್ತು ಜಾನಿಸ್ ಟೌನ್ ಹಾಲಿಗೆ ಹೋದರು. ಮತಪತ್ರದಲ್ಲಿ ತನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರು ಅಚ್ಚಾಗಿದ್ದುದನ್ನು ಆರ್ಡೆಲ್ ಬಹಳ ಹೊತ್ತು ನೋಡಿದ. ಪೆನ್ನು ತನ್ನ ಹೆಸರಿನ ಹತ್ತಿರ ಹೋಯಿತು, ನಿಂತಿತು. ಇದುವರೆಗೆ ತನಗೇ ವೋಟು ಹಾಕಿಕೊಳ್ಳುವಾಗ ಅವನಿಗೆ ಏನೂ ಅನ್ನಿಸಿರಲಿಲ್ಲ, ಬೇರೆ ಯಾರೂ ಇಲ್ಲದಿದ್ದಾಗ ಅನ್ನಿಸುವುದೇನು? ಈಗ ಮಾತ್ರ, ಒಬ್ಬ ಹೆಂಗಸು ಕಾಯುತ್ತಿರುವಾಗ ಅವಳೆದುರೇ ತಟ್ಟೆಯ ಕೊನೆಯ ತುಂಡಿಗೆ ಕೈ ಹಾಕಿದಂತೆ ಆಯಿತು. ಅವನನ್ನು ಬೆಳೆಸಿದ ತಾಯಿ ಅಂಥದಕ್ಕೆ ಕೈ ಮೇಲೆ ಏಟು ಕೊಡುತ್ತಿದ್ದಳು. ಅವನು ರೋಬರ್ಟಾಳ ಹೆಸರಿನ ಮುಂದಿನ ಪುಟ್ಟ ವೃತ್ತವನ್ನು ಕಪ್ಪು ಮಾಡಿ, ಎಣಿಕೆಯ ಯಂತ್ರಕ್ಕೆ ಹಾಕಿ, ಕಳ್ಳನಂತೆ ಹೊರಗೆ ಬಂದ.

ಎಣಿಕೆ ಮುಗಿದು ಶೆರಿಲ್ ಫೋನ್ ಮಾಡಿದಾಗ ಗಂಡ ಹೆಂಡತಿ ಇಬ್ಬರೂ ಸ್ಪೀಕರಿನ ಮೇಲೆ ಬಗ್ಗಿ ಕೂತಿದ್ದರು.

“ಆರ್ಡೆಲ್ ನೂರ ಎಂಬತ್ತೇಳು,” ಎಂದಳು ಶೆರಿಲ್. “ರೋಬರ್ಟಾ ನೂರ ಎಂಬತ್ತೇಳು. ಸ್ಕಿಪ್ಪರ್ ಒಂದು.”

ಆರ್ಡೆಲ್ ಬೆಳ್ಳಗಾಗಿ ಹೋದ. ಫೋನು ಇಟ್ಟ ಮೇಲೆ ಜಾನಿಸ್‌ಗೆ ನಿಜ ಹೇಳಿದ. ಅವಳು ಅವನನ್ನು ನೋಡಿಯೇ ನೋಡಿದಳು.

“ನಾನು ಎರಡು ತಿಂಗಳು ನಿಮ್ಮ ಸೂಟು ಒಗೆದು ಇಸ್ತ್ರಿ ಮಾಡಿದೀನಿ. ನೀವು ಹೋಗಿ ಅವಳಿಗೆ ಹಾಕಿದ್ರಾ?”

“ನನಗೇ ಹಾಕ್ಕೊಳೋದು ಚೆನ್ನಾಗಿ ಕಾಣ್ಲಿಲ್ಲ.”

“ಒಳಗೆ ಯಾರು ನೋಡ್ತಾರೆ!”

“ನೀನು ಯಾರಿಗೆ ಹಾಕಿದೆ?” ಎಂದು ಕೇಳಿದ ಆರ್ಡೆಲ್.

“ಅದು ಗುಪ್ತ ಮತದಾನ,” ಎಂದು ಜಾನಿಸ್ ಎದ್ದು ಪಾತ್ರೆ ತೊಳೆಯಲು ಹೋದಳು.

ಮರುದಿನ ಕೆಫೆಯಲ್ಲಿ ಊರಿಗೆ ಊರೇ ಲೊವೆಲ್‌ನ ಮೇಲೆ ಮುಗಿಬಿತ್ತು. ಸತ್ತ ನಾಯಿಗೆ ಹಾಕಿದ ಆ ಒಂದು ವೋಟು ಯಾರಿಗಾದರೂ ಹಾಕಿದ್ದರೆ ಚುನಾವಣೆ ಮುಗಿಯುತ್ತಿತ್ತಲ್ಲ ಎಂದು ಆರ್ಡೆಲ್ ಅವನ ಅಂಗಿಯ ಗುಂಡಿ ಹಿಡಿದು ಕೇಳಿದ.

“ಹನ್ನೊಂದು ವರ್ಷದಿಂದ ಹೇಳ್ತಿದೀಯ, ಒಂದೊಂದು ವೋಟಿಗೂ ಬೆಲೆ ಇದೆ ಅಂತ!”

ಲೊವೆಲ್ ಕಾಫಿ ಲೋಟದೊಳಕ್ಕೇ ನೋಡಿದ. “ಒಳ್ಳೇ ನಾಯಿ ಕಣೋ ಅದು,” ಎಂದ. ಆರ್ಡೆಲ್ ಅವನ ಅಂಗಿಯ ಗುಂಡಿ ಬಿಟ್ಟ.

ವೋಟುಗಳನ್ನು ಮತ್ತೊಮ್ಮೆ ಎಣಿಸಿದರು. ಅಷ್ಟೇ ಬಂತು. ಸರಿಸಮ ಬಂದರೆ ಚೀಟಿ ಎತ್ತಿ ತೀರ್ಮಾನಿಸಬೇಕೆಂದು ಕಾನೂನು. ಹೇಗೆ ಎತ್ತಬೇಕೆಂದು ಕಾನೂನಿನಲ್ಲಿ ಇರಲಿಲ್ಲ. ನಾಣ್ಯ ಚಿಮ್ಮುವುದು ಜೂಜಿನಂತಾಗುತ್ತದೆ ಎಂದು ಅಧ್ಯಕ್ಷ ಗ್ಲೆನ್ ಹೇಳಿದ್ದರಿಂದ ಶೆರಿಲ್ ಚರ್ಚಿನಿಂದ ಬಿಂಗೋ ಆಟದ, ನಂಬರಿನ ಚೆಂಡು ಹಾಕಿ ತಿರುಗಿಸುವ ತಂತಿ ಪಂಜರ ತಂದಳು. ಶಾಲೆಯ ಗ್ರಂಥಾಲಯದಲ್ಲಿ ಆರ್ಡೆಲ್‌ಗೆ ಏಳನೇ ನಂಬರಿನ ಚೆಂಡು, ರೋಬರ್ಟಾಗೆ ಮೂವತ್ತೊಂದು. ಮೊದಲು ಹೊರಬಿದ್ದ ಚೆಂಡಿನವರು ಗೆದ್ದಂತೆ. ಇಬ್ಬರೂ ಅಕ್ಕಪಕ್ಕ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತರು.

ಶೆರಿಲ್ ಪಂಜರ ತಿರುಗಿಸುತ್ತಿದ್ದಾಗ ರೋಬರ್ಟಾ ಮುಂದೆ ನೋಡುತ್ತಲೇ ಪಿಸುಗುಟ್ಟಿದಳು. “ಒಂದು ವಿಷಯ. ನಾನು ನಿಮಗೆ ಹಾಕಿದ್ದೆ.”

“ಏನು?”

“ವೋಟು. ನೀವು ಆವತ್ತು ತಪ್ಪು ಒಪ್ಕೊಂಡ್ರಲ್ಲ. ಪಾಪ ಅನ್ನಿಸ್ತು.”

ಆರ್ಡೆಲ್ ಅವಳತ್ತ ತಿರುಗಿದ. “ನಾನು ನಿಮಗೆ ಹಾಕಿದ್ದೆ.”

ರೋಬರ್ಟಾ ಬೆರಳು ಮಡಚಿ ಲೆಕ್ಕ ಹಾಕಿದಳು. “ಹಾಗಾದ್ರೆ ನಾವಿಬ್ಬರೂ ಮನೇಲೇ ಇದ್ದಿದ್ರೂ ಇದೇ ಆಗ್ತಿತ್ತು.”

ಅವಳ ಭುಜ ಕುಲುಕತೊಡಗಿತು. ಆರ್ಡೆಲ್ ಬಾಯಿಗೆ ಟೋಪಿ ಅಡ್ಡ ಹಿಡಿದುಕೊಂಡ. ಎರಡೇ ಚೆಂಡುಗಳಿದ್ದ ಪಂಜರ ಅಷ್ಟು ಹೊತ್ತಿಗೆ ಸಿಕ್ಕಿಕೊಂಡಿತು. ಶೆರಿಲ್ ಅದನ್ನು ಒದರಿದಳು, ಗ್ಲೆನ್ ಗುದ್ದಿದ, ಒಂದು ಚೆಂಡು ಹಾರಿ ಭೂಗೋಳದ ಕಪಾಟಿನ ಕೆಳಗೆ ಉರುಳಿತು. ಶಾಲಾ ಮಂಡಳಿಯ ಅಧ್ಯಕ್ಷ ನೆಲದ ಮೇಲೆ ಬೋರಲು ಮಲಗಿ, ಅಳತೆಕೋಲಿನಿಂದ ಅದನ್ನು ಹೊರಗೆಳೆದು, ಧೂಳು ಒರೆಸಿ ಓದಿದ.

“ಮೂವತ್ತೊಂದು.”

ಆರ್ಡೆಲ್ ಟೋಪಿಯನ್ನು ಮೊಣಕಾಲಿನ ಮೇಲೆ ಇಳಿಸಿದ. ಇಪ್ಪತ್ತೆಂಟು ವರ್ಷ ಕೂತ ಕುರ್ಚಿ ಒಂದು ಪ್ಲಾಸ್ಟಿಕ್ ಚೆಂಡಿನ ಜೊತೆ ಉರುಳಿ ಹೋಯಿತಲ್ಲ ಎನ್ನಿಸಿತು. ಎದ್ದು ನಿಂತು, ರೋಬರ್ಟಾಳ ಕೈ ಹಿಡಿದು ಕುಲುಕಿ, ಆ ಪುಟ್ಟ ಕುರ್ಚಿಯಿಂದ ಅವಳನ್ನು ಎಬ್ಬಿಸಿದ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಇನ್ನೊಂದು ಲೆಕ್ಕ ಹೊಳೆಯಿತು. ನೂರ ಎಂಬತ್ತೇಳು ಜನ, ರೋಬರ್ಟಾಳಂಥ ಹೆಂಗಸಿನ ಹೆಸರು ಕಣ್ಣೆದುರಿಗೇ ಇದ್ದರೂ, ಆರ್ಡೆಲ್ ಇರಲಿ ಎಂದಿದ್ದರು. ಅದನ್ನು ಎರಡು ಮೂರು ಸಲ ಗಟ್ಟಿಯಾಗಿ ಹೇಳಿಕೊಂಡ. ಕೇಳಲು ಚೆನ್ನಾಗಿತ್ತು.

ಜನವರಿಯ ಮೊದಲ ಸಭೆಯ ಸಂಜೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಹಳೆಯ ಅಭ್ಯಾಸ. ಆರೂವರೆಗೆ ಕೋಟು ಹಾಕಿಕೊಂಡ.

“ಎಲ್ಲಿಗೆ?” ಎಂದಳು ಜಾನಿಸ್.

“ಸುಮ್ನೆ, ನೋಡೋಕೆ.”

ಸಾರ್ವಜನಿಕರಿಗೆಂದು ಶೆರಿಲ್ ಪ್ರತಿ ತಿಂಗಳೂ ಆರು ಮಡಚು ಕುರ್ಚಿ ಹಾಕುತ್ತಿದ್ದಳು, ಯಾರೂ ಬಾರದೆ, ಸಭೆ ಮುಗಿದ ಮೇಲೆ ಹಾಗೆಯೇ ಮಡಚಿಡುತ್ತಿದ್ದಳು. ಆರ್ಡೆಲ್ ನಡುವಿನದರಲ್ಲಿ ಕೂತ. ಮಂಡಳಿಯ ಆರು ಜನ ಕುದುರೆಲಾಳದಂತೆ ಜೋಡಿಸಿದ ಮೇಜುಗಳ ಸುತ್ತ ಕೂತಿದ್ದರು, ಮೂವರ ಬೆನ್ನು ನೇರ ಅವನ ಕಡೆಗೆ. ಸಭೆ ಶುರುವಾಯಿತು. ಗ್ಲೆನ್‌ನ ತುಟಿ ಅಲ್ಲಾಡುತ್ತಿದ್ದುದು ಕಂಡಿತು. ಹೀಟರು ಗೊರಗೊರ ಎನ್ನುತ್ತಿತ್ತು. ಆರ್ಡೆಲ್ ಕಿವಿಗೆ ಕೈ ಹಿಡಿದ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ‘ಛಾವಣಿ’ ಎಂಬ ಒಂದು ಮಾತು ಕೇಳಿಸಿತು. ಛಾವಣಿಗೆ ಏನಾಯಿತೆಂದು ತಿಳಿಯಲಿಲ್ಲ. ಕೊನೆಗೆ ಕೈ ಎತ್ತಿದ.

“ಏನು ಆರ್ಡೆಲ್?” ಗ್ಲೆನ್ ಗಾಬರಿಯಿಂದ ಕೇಳಿದ. “ಕಾರಿನ ಲೈಟು ಹಾಗೇ ಬಿಟ್ಟು ಬಂದ್ಯಾ?”

“ಸಾರ್ವಜನಿಕರ ಪರವಾಗಿ ಮಾತಾಡ್ಬೇಕು.”

ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಅದಕ್ಕೆ ಒಂದು ಅರ್ಜಿ ತುಂಬಬೇಕೆಂದು ಶೆರಿಲ್‌ಗೆ ನೆನಪಾಯಿತು. ಅರ್ಜಿ ಎಲ್ಲಿದೆಯೆಂದು ನೆನಪಾಗಲಿಲ್ಲ. ಹತ್ತು ನಿಮಿಷ ಕಪಾಟು ತಡಕಾಡಿ, ಅಂಚು ಹಳದಿಯಾದ ಹಾಳೆಯೊಂದನ್ನು ತಂದಳು. ವಿಷಯ ಎಂಬಲ್ಲಿ ಆರ್ಡೆಲ್ ‘ಕಿವಿ’ ಎಂದು ಬರೆದ.

“ನಿನಗೆ ಮೂರು ನಿಮಿಷ ಇದೆ,” ಎಂದ ಗ್ಲೆನ್, ನಿಯಮ ಓದಿಕೊಳ್ಳುತ್ತ.

“ಅಷ್ಟು ಬೇಡ. ಇಲ್ಲಿ ಕೂತೋರಿಗೆ ಏನೂ ಕೇಳಿಸಲ್ಲ. ಅಷ್ಟೇ.”

“ಇಪ್ಪತ್ತೆಂಟು ವರ್ಷ ಇದೇ ಕೋಣೇಲಿ ಇದ್ಯಲ್ಲಪ್ಪ! ಒಂದು ದಿನ ಹೇಳ್ಬಾರದಿತ್ತಾ?”

“ಆವಾಗ ಅಲ್ಲಿ ಕೂತಿದ್ದೆ. ಅಲ್ಲಿಂದ ಚೆನ್ನಾಗೇ ಕೇಳಿಸತ್ತೆ.”

ರೋಬರ್ಟಾ ಕುರ್ಚಿ ಹಿಂದಕ್ಕೆ ದೂಡಿ ಎದ್ದು ಮೇಜಿನ ಒಂದು ತುದಿ ಹಿಡಿದಳು. “ತಿರುಗಿಸೋಣ ಬನ್ನಿ,” ಎಂದಳು. ಆರ್ಡೆಲ್ ಇನ್ನೊಂದು ತುದಿ ಹಿಡಿದ. ಮೇಜುಗಳನ್ನು ಎಳೆದು ಸುತ್ತು ತಿರುಗಿಸಿ ಮತ್ತೆ ಸೇರಿಸಲು ಕಾಲು ಗಂಟೆ ಬೇಕಾಯಿತು. ಕೆಳಗೆ ಮೂರು ಪೆನ್ನು, ಒಂದು ಕೈಗವಸು ಸಿಕ್ಕವು. ಸಭೆ ಮತ್ತೆ ಶುರುವಾದಾಗ ಗ್ಲೆನ್‌ನ ಎದುರು ನೇರಕ್ಕೆ ಒಬ್ಬ ಮನುಷ್ಯ ಕೂತು ನೋಡುತ್ತಿದ್ದ. ಗ್ಲೆನ್ ಬೆನ್ನು ನೆಟ್ಟಗೆ ಮಾಡಿಕೊಂಡು, ಹಾಳೆ ಎತ್ತಿ ಹಿಡಿದು, ಜೋರಾಗಿ ಓದತೊಡಗಿದ. ಜಿಮ್ನಾಸಿಯಮ್ಮಿನ ಛಾವಣಿ ಸೋರುತ್ತಿದೆ ಎಂದು ಆರ್ಡೆಲ್‌ಗೆ ಅಂತೂ ಗೊತ್ತಾಯಿತು.

ಊಟದ ಹೊತ್ತು ಇಪ್ಪತ್ತೇಳು ನಿಮಿಷವಾದದ್ದು ಮಾರ್ಚಿನ ಸಭೆಯಲ್ಲಿ, ನಾಲ್ಕಕ್ಕೆ ಎರಡು ವೋಟಿನಿಂದ, ಬಸ್ಸಿನವರ ಜೊತೆ ಬಹಳ ಗುದ್ದಾಡಿದ ಮೇಲೆ. ಅಷ್ಟರಲ್ಲಿ ಕೇಳಲು ಬರುವವರು ಐವರಾಗಿದ್ದರು. ಅವರಲ್ಲಿ ಜಾನಿಸ್ ಒಬ್ಬಳು. ಹೆಣಿಗೆಯ ಉಣ್ಣೆ ತೊಡೆಯ ಮೇಲಿಟ್ಟುಕೊಂಡು, ಇವನು ಯಾರು, ಅವನು ಯಾಕೆ ಹಾಗಂದ, ಆ ದುಡ್ಡು ಯಾವುದಕ್ಕೆ ಎಂದು ಗಂಡನ ಕಿವಿಯಲ್ಲಿ ಒಂದೇ ಸಮ ಕೇಳುತ್ತಿದ್ದಳು. ಆರ್ಡೆಲ್ ಒಂದೊಂದಕ್ಕೂ ಉತ್ತರ ಹೇಳುತ್ತಿದ್ದ. ಆ ಪಿಸುಮಾತು ಎಷ್ಟು ಬೆಳೆಯಿತೆಂದರೆ, ಸಾರ್ವಜನಿಕರು ದಯವಿಟ್ಟು ಸುಮ್ಮನಿರಬೇಕೆಂದು ಗ್ಲೆನ್ ಮೊದಲ ಸಲ ಮೇಜು ಕುಟ್ಟಬೇಕಾಯಿತು. ಅದನ್ನು ಶೆರಿಲ್ ನಡಾವಳಿ ಪುಸ್ತಕದಲ್ಲಿ, ಸ್ವಲ್ಪ ದೊಡ್ಡ ಅಕ್ಷರದಲ್ಲೇ, ಬರೆದುಕೊಂಡಳು.